ಗೀರು ಹಾಕಿದ ಲೋಟ

ಚಿಕ್ಕಮ್ಮನ ಮನೆಯ ಹಿತ್ತಿಲಲ್ಲಿ, ಪಾತ್ರೆ ತೊಳೆಯುವ ಕಲ್ಲಿನ ಪಕ್ಕದ ಗೂಡಿನಲ್ಲಿ, ಒಂದು ಸ್ಟೀಲ್ ಲೋಟ ಇರುತ್ತಿತ್ತು. ಮನೆಯ ಉಳಿದ ಪಾತ್ರೆಗಳೆಲ್ಲ ತೊಳೆಸಿಕೊಂಡು, ಬುಟ್ಟಿಯಲ್ಲಿ ಒಂದರ ಮೇಲೊಂದು ಬೋರಲು ಬಿದ್ದು ಒಳಗೆ ಹೋಗುತ್ತಿದ್ದವು. ಅದೊಂದು ಮಾತ್ರ ಹೊರಗೇ. ಅದರ ಕಂಠದ ಕೆಳಗೆ ಮೊಳೆಯಲ್ಲಿ ಎಳೆದ ಒಂದು ಗೀರು. ಎಳೆದವರು ಯಾರೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ತಿಪಟೂರು ಸೀಮೆಯ ಆ ತೋಟದ ಮನೆಯಲ್ಲಿ, ಅಟ್ಟದ ಕೊಬ್ಬರಿಯ ವಾಸನೆ ಸದಾ ತುಂಬಿರುತ್ತಿದ್ದ ಆ ನಡುಮನೆಯಲ್ಲಿ, ನನ್ನ ಚಿಕ್ಕಮ್ಮ ಹನ್ನೆರಡು ವರ್ಷ ಆ ಲೋಟದಲ್ಲೇ ಕಾಫಿ ಕುಡಿದಳು. ನೆಂಟರು ಬಂದಾಗ ಎಲ್ಲರಿಗೂ ಸೋಸಿ ಕೊಟ್ಟು, ತನ್ನ ಪಾಲನ್ನು ಎತ್ತಿಕೊಂಡು ಹೋಗಿ ಹಿತ್ತಿಲ ಬಾಗಿಲಲ್ಲಿ ನಿಂತು ಕುಡಿಯುತ್ತಿದ್ದಳು. ಹೋಗು ಎಂದು ಯಾರೂ ಅಂದಿರಲಿಲ್ಲ. ಹೋಗಬೇಡ ಎಂದೂ ಯಾರೂ ಅನ್ನಲಿಲ್ಲ.

ಆ ಮನೆಯವರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಬರದ ವರ್ಷ ತಮ್ಮ ಬೋರಿನ ನೀರನ್ನು ಊರಿಗೆ ಬಿಟ್ಟವರು, ಆಳಿನ ಮಗಳ ಕಾಲೇಜಿನ ಫೀಸು ಕಟ್ಟಿದವರು. ನೀವೂ ಕೆಟ್ಟವರಲ್ಲ. ಕೆಟ್ಟವರಿಗೆ ಬರೆಯುವುದಾದರೆ ನಾನು ಇಷ್ಟು ಕಷ್ಟಪಡುತ್ತಿರಲಿಲ್ಲ. ಚಿಕ್ಕಮ್ಮನಿಗಿದ್ದದ್ದು ಹೆಪಟೈಟಿಸ್ ಸಿ. ಅದು ಮುಟ್ಟಿದರೆ ಬರುವುದಿಲ್ಲ, ಪಕ್ಕದಲ್ಲಿ ಕೂತು ಉಂಡರೆ ಬರುವುದಿಲ್ಲ, ಒಂದೇ ಲೋಟದಲ್ಲಿ ಕುಡಿದರೆ ಬರುವುದಿಲ್ಲ, ತಬ್ಬಿಕೊಂಡರೆ, ಮುದ್ದಿಟ್ಟರೆ, ಮೊಮ್ಮಗುವಿಗೆ ಕೈತುತ್ತು ಕೊಟ್ಟರೆ ಬರುವುದಿಲ್ಲ. ಅದು ರಕ್ತದಿಂದ ರಕ್ತಕ್ಕೆ ದಾಟುವ ವೈರಸ್. ಡಾಕ್ಟರು ಮೊದಲ ದಿನವೇ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ನಮಗೆ ಗೊತ್ತಿತ್ತು. ಗೊತ್ತಿದ್ದೂ ಆ ಲೋಟವನ್ನು ಯಾರೂ ಒಳಗೆ ತರಲಿಲ್ಲ.

ಅವಳಿಗೆ ಅದು ಎಲ್ಲಿಂದ ಬಂತೆಂದು ಆಣೆ ಮಾಡಿ ಹೇಳಲಾಗದು. ಆದರೆ 1993ರಲ್ಲಿ ಎರಡನೆಯ ಹೆರಿಗೆಗೆ ಹೊಟ್ಟೆ ಕೊಯ್ದು ಮಗು ತೆಗೆದಾಗ ಎರಡು ಬಾಟಲಿ ರಕ್ತ ಏರಿಸಿದ್ದರು. ಆ ರಕ್ತ ಅವಳನ್ನು ಉಳಿಸಿತು, ಬಹುಶಃ ಅದೇ ರಕ್ತ ಇಪ್ಪತ್ತನಾಲ್ಕು ವರ್ಷದ ಮೇಲೆ ಅವಳನ್ನು ಕೊಂಡೊಯ್ದಿತು. ರಕ್ತ ಪಡೆದವರಲ್ಲಿ ಎ ಅಲ್ಲದ, ಬಿ ಅಲ್ಲದ ಇನ್ನೊಂದು ಬಗೆಯ ಕಾಮಾಲೆ ಕಾಣಿಸುತ್ತಿದೆ ಎಂದು ಅಮೆರಿಕದ ಹಾರ್ವೆ ಆಲ್ಟರ್ 1970ರ ದಶಕದಲ್ಲೇ ಹೇಳಿದ್ದರು. ಆಗ ಅದಕ್ಕೊಂದು ಸ್ವಂತ ಹೆಸರೂ ಇರಲಿಲ್ಲ, 'ಎ ಅಲ್ಲದ್ದು, ಬಿ ಅಲ್ಲದ್ದು' ಅಂತಲೇ ಕರೆಯುತ್ತಿದ್ದರು. 1989ರಲ್ಲಿ ಮೈಕೆಲ್ ಹಾಟನ್ ಮತ್ತು ಸಂಗಡಿಗರು ವೈರಸ್ಸನ್ನು ಗುರುತು ಹಿಡಿದರು. ಈ ಇಬ್ಬರ ಜೊತೆಗೆ ಚಾರ್ಲ್ಸ್ ರೈಸ್ ಅವರಿಗೂ 2020ರಲ್ಲಿ ನೊಬೆಲ್ ಬಂತು. ವೈರಸ್ ಸಿಕ್ಕ ಮೇಲೆ ಪರೀಕ್ಷೆಯೂ ಬಂತು. ನಮ್ಮ ದೇಶದ ರಕ್ತನಿಧಿಗಳಲ್ಲಿ ಆ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ನಡುವಿನ ಆ ಹನ್ನೆರಡು ವರ್ಷಗಳಲ್ಲಿ ಹೆತ್ತು ರಕ್ತ ಸುರಿಸಿಕೊಂಡ ಹೆಂಗಸರು, ಹೆದ್ದಾರಿಯಲ್ಲಿ ಜಜ್ಜಿ ಬಿದ್ದ ಲಾರಿ ಕ್ಲೀನರುಗಳು, ತಿಂಗಳು ತಿಂಗಳಿಗೆ ರಕ್ತ ಬೇಡುವ ಥಲಸೇಮಿಯಾದ ಮಕ್ಕಳು ಪರೀಕ್ಷೆಯಿಲ್ಲದ ಬಾಟಲಿಗಳಿಗೆ ತೋಳು ಚಾಚಿದರು. ಅವರಲ್ಲಿ ಎಷ್ಟು ಜನ ಇವತ್ತಿಗೂ ಆರಾಮಾಗಿದ್ದೀವಿ ಅಂದುಕೊಂಡು ಹೊಲಕ್ಕೆ, ಗಾರ್ಮೆಂಟ್ಸಿಗೆ, ಶಾಲೆಗೆ ಹೋಗಿ ಬರುತ್ತಿದ್ದಾರೋ.

ಸದ್ದಿಲ್ಲದಿರುವುದೇ ಈ ವೈರಸ್ಸಿನ ಗುಣ. ಕಾಮಾಲೆ ಅಂದರೆ ನಮ್ಮ ಜನಕ್ಕೆ ಕಣ್ಣು ಹಳದಿಯಾಗಬೇಕು, ಬೆಳಗಿನ ಮೂತ್ರ ಹಳದಿಯಾಗಬೇಕು, ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ ಬರೀ ಹೊಟ್ಟೆಗೆ ಕುಡಿಯಬೇಕು, ಎಣ್ಣೆ ಖಾರ ಬಿಟ್ಟು ಪಥ್ಯ ಮಾಡಬೇಕು. ಕೊಳಕು ನೀರಿನಿಂದ ಬರುವ ಎ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ಸೊಪ್ಪಿಗೆ ಬರುತ್ತದೆ. ಸೊಪ್ಪಿನ ಮೇಲೆ ನನಗೇನೂ ಸಿಟ್ಟಿಲ್ಲ, ನನ್ನಜ್ಜಿಯೂ ಅರೆದು ಕೊಟ್ಟವಳೇ. ಸಿ ಹಾಗಲ್ಲ. ಅದು ಕಣ್ಣಿಗೆ ಬಣ್ಣ ಹಚ್ಚುವುದಿಲ್ಲ, ಹಾಸಿಗೆ ಹಿಡಿಸುವುದಿಲ್ಲ. ಹೊಕ್ಕ ಹತ್ತರಲ್ಲಿ ಏಳೆಂಟು ಜನರಲ್ಲಿ ಹೊರಗೇ ಹೋಗದೆ ಲಿವರಿನಲ್ಲಿ ಬಿಡಾರ ಹೂಡಿ, ಹತ್ತು ವರ್ಷ, ಇಪ್ಪತ್ತು ವರ್ಷ, ಮೂವತ್ತು ವರ್ಷ ಒಳಗೊಳಗೇ ಗಾಯ ಮಾಡುತ್ತ, ಗಾಯ ಕಲೆಯಾಗುತ್ತ, ಕಲೆ ಗಂಟಾಗುತ್ತ, ಮೆತ್ತಗಿದ್ದ ಅಂಗವನ್ನು ಒಣಗಿದ ಕೊಬ್ಬರಿಯಂತೆ ಬಿಗಿಯಾಗಿಸುತ್ತದೆ. ಒಂದು ದಿನ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕಾಲು ಊದುತ್ತದೆ. ಆಗ ನಾವು, "ಪಾಪ, ಕುಡೀತಿದ್ದರೋ ಏನೋ" ಎನ್ನುತ್ತೇವೆ. ಜನ್ಮದಲ್ಲಿ ಹೆಂಡ ಮೂಸದ ನನ್ನ ಚಿಕ್ಕಮ್ಮನ ಬಗ್ಗೆಯೂ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಆ ಮಾತು ಅಂದಿದ್ದರು.

2005ರಲ್ಲಿ ಗೊತ್ತಾಯಿತು, 2006ರಲ್ಲಿ ಚಿಕಿತ್ಸೆ ಶುರುವಾಯಿತು. ಆಗ ಇದ್ದದ್ದು ಒಂದೇ ದಾರಿ: ವಾರಕ್ಕೊಂದು ಇಂಟರ್‌ಫೆರಾನ್ ಸೂಜಿ, ದಿನಾ ರೈಬಾವಿರಿನ್ ಮಾತ್ರೆ. ಅವಳ ಬಗೆಯ ವೈರಸ್ಸಿಗೆ 24 ವಾರ, ಇನ್ನೊಂದು ಬಗೆಯವರಿಗೆ 48. ಒಂದು ಸೂಜಿಗೇ ಸಾವಿರಾರು ರೂಪಾಯಿ. ಚಿಕ್ಕಪ್ಪ ಮೊದಲು ಬೈಕು ಮಾರಿದರು, ಆಮೇಲೆ ರಸ್ತೆ ಪಕ್ಕದ ಇಪ್ಪತ್ತು ಗುಂಟೆ. ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ. ಪ್ರತಿ ಶುಕ್ರವಾರ ಔಷಧಿ ಅಂಗಡಿಯಿಂದ ಆ ಸೂಜಿ ತೆಗೆದುಕೊಂಡು ಊರಿಗೆ ಒಯ್ಯುವುದು ನನ್ನ ಕೆಲಸ. ಅಗಲ ಬಾಯಿಯ ಒಂದು ಥರ್ಮಾಸ್ ಫ್ಲಾಸ್ಕು, ಅದರೊಳಗೆ ಐಸ್ ತುಂಡು, ಐಸಿನ ಮೇಲೆ ಬಟ್ಟೆ ಸುತ್ತಿ ಇಟ್ಟ ಸೂಜಿಯ ಡಬ್ಬಿ. ಬಿಸಿಯಾದರೂ ಕೆಟ್ಟಿತು, ಹೆಪ್ಪುಗಟ್ಟಿದರೂ ಕೆಟ್ಟಿತು ಎಂದು ಅಂಗಡಿಯವರು ಪ್ರತಿ ಸಲವೂ ಹೆದರಿಸಿ ಕಳಿಸುತ್ತಿದ್ದರು. ರೈಲಿನಲ್ಲಿ ಬಿಸಿಲು ಬೀಳದ ಕಡೆ ಕೂತು, ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲಿ ಕಣ್ಣು ಹತ್ತುತ್ತದೋ ಎಂದು ಎದುರಿನವರ ಜೊತೆ ಬೇಡದ ಮಾತೆಲ್ಲ ಆಡುತ್ತ ಹೋಗುತ್ತಿದ್ದೆ. ಒಮ್ಮೆ ಒಬ್ಬ ಅಜ್ಜಿ ಕೇಳಿದಳು, "ಏನಪ್ಪಾ ಅದು, ಗಂಗಾಜಲವಾ?"

ಊರು ತಲುಪಿದ ಮೇಲೆ ಕಾಂಪೌಂಡರು ಬಂದು ಹೊಟ್ಟೆಯ ಚರ್ಮಕ್ಕೆ ಚುಚ್ಚಿ ಹೋಗುತ್ತಿದ್ದರು. ಇಂಟರ್‌ಫೆರಾನ್ ಹೊರಗಿನ ವಿಷವೇನಲ್ಲ. ವೈರಸ್ ನುಗ್ಗಿದಾಗ ನಮ್ಮ ದೇಹ ತಾನೇ ಹುಟ್ಟಿಸಿಕೊಳ್ಳುವ ವಸ್ತು ಅದು, ಫ್ಲೂ ಜ್ವರದಲ್ಲಿ ಮೈಕೈ ಮುರಿದಂತಾಗುವುದಕ್ಕೂ ಅದೇ ಒಂದು ಕಾರಣ. ಅದನ್ನು ಹೊರಗಿನಿಂದ, ಅಷ್ಟೊಂದು, ವಾರ ವಾರ ಕೊಟ್ಟರೆ ಏನಾಗುತ್ತದೋ ಅದೇ ಅವಳಿಗೂ ಆಯಿತು. ರಾತ್ರಿ ಒಂಬತ್ತರ ಹೊತ್ತಿಗೆ ಚಳಿ ಹಿಡಿಯುತ್ತಿತ್ತು. ಮೂರು ಕಂಬಳಿ ಹೊದಿಸಿ ಚಿಕ್ಕಪ್ಪ ಮೇಲಿಂದ ಒತ್ತಿ ಹಿಡಿದರೂ ಮಂಚ ಕಟಕಟ ಎನ್ನುತ್ತಿತ್ತು. ಸೋಮವಾರದ ಹೊತ್ತಿಗೆ ಎದ್ದು ಒಲೆಯ ಮುಂದೆ ಕೂರುವಳು, ಶುಕ್ರವಾರ ಮತ್ತೆ ಫ್ಲಾಸ್ಕು ಬರುವುದು. ಬಾಚಣಿಗೆಯಲ್ಲಿ ಕೂದಲು ಗೊಂಚಲು ಗೊಂಚಲು ಬಂತು. ರೈಬಾವಿರಿನ್ನಿಗೆ ರಕ್ತ ತೆಳುವಾಗಿ ಬಾವಿಕಟ್ಟೆಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಏದುಸಿರು. ಎಲ್ಲಕ್ಕಿಂತ ಕೆಟ್ಟದ್ದು ಮನಸ್ಸಿಗೆ ಕವಿದ ಕತ್ತಲೆ. ಖಿನ್ನತೆ ಆ ಔಷಧಿಯ ಜೊತೆಗೇ ಬರುವಂಥದ್ದು, ಅದರಿಂದ ಜೀವ ಕಳೆದುಕೊಳ್ಳಲು ಹೋದವರೂ ಇದ್ದಾರೆ ಎಂದು ನಮಗೆ ಆಗ ಯಾರೂ ಹೇಳಿರಲಿಲ್ಲ. "ತಲೆಯೊಳಗೆ ಯಾರೋ ದೀಪ ಆರಿಸಿದಂಗೆ ಆಗ್ತದೆ ಕಣೋ ಪುಟ್ಟ" ಎಂದಳು ಒಂದು ಸಂಜೆ, ಹುಣಸೆಹಣ್ಣಿನ ಬೀಜ ಬಿಡಿಸುತ್ತ, ನನ್ನ ಕಡೆ ನೋಡದೆ.

ಹದಿನೇಳನೆಯ ವಾರ ರಕ್ತದ ಕಣಗಳು ತೀರಾ ಇಳಿದು ಡಾಕ್ಟರು ನಿಲ್ಲಿಸಿದರು. ಅವತ್ತು ಅವಳು ಒಂದೇ ಮಾತು ಕೇಳಿದ್ದು. "ಇನ್ನೊಂಚೂರು ಮೆತ್ತಗಿನ ಔಷಧಿ ಬರಲ್ವಾ ಡಾಕ್ಟ್ರೇ?" ಅವರು, "ಬರುತ್ತಂತಮ್ಮ, ಕೆಲಸ ನಡೀತಿದೆ, ಐದಾರು ವರ್ಷದಲ್ಲಿ ಬರಬಹುದು" ಎಂದರು. "ಅಲ್ಲೀಗಂಟ ಇರ್ತೀನಾ?" ಎಂದು ನಕ್ಕಳು.

ಇದ್ದಳು. ಅದೇ ನೋಡಿ ನನ್ನನ್ನು ಮಲಗಲು ಬಿಡದ ಮಾತು. ಅಲ್ಲಿಯವರೆಗೆ ಅವಳು ಇದ್ದಳು.

ಮೆತ್ತಗಿನ ಔಷಧಿ ಬಂತು. ಮೈಕೆಲ್ ಸೋಫಿಯಾ ಎಂಬ ರಸಾಯನ ವಿಜ್ಞಾನಿಯ ತಂಡ ಹುಡುಕಿದ, ಅವರ ಹೆಸರನ್ನೇ ಮೈಮೇಲೆ ಹೊತ್ತ ಸೋಫೋಸ್‌ಬುವಿರ್ ಎಂಬ ಮಾತ್ರೆಗೆ 2013ರ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ವೈರಸ್ ತನ್ನ ನಕಲು ತೆಗೆಯುವ ಯಂತ್ರಕ್ಕೆ ಖೋಟಾ ಬಿಡಿಭಾಗ ಸೇರಿಸಿ ಅಲ್ಲೇ ನಿಲ್ಲಿಸಿಬಿಡುವ ಮಾತ್ರೆ ಅದು. ಆಮೇಲೆ ಡಕ್ಲಾಟಾಸ್‌ವಿರ್, ವೆಲ್ಪಟಾಸ್‌ವಿರ್ ಜೊತೆಯಾದವು. ದಿನಕ್ಕೊಮ್ಮೆ ನುಂಗುವುದು, ಹೆಚ್ಚಿನವರಿಗೆ 12 ವಾರ, ಲಿವರ್ ತೀರಾ ಕೆಟ್ಟವರಿಗೆ ಇನ್ನಷ್ಟು. ಸ್ವಲ್ಪ ತಲೆನೋವು, ಸ್ವಲ್ಪ ಸುಸ್ತು. ನೂರರಲ್ಲಿ 95 ಜನಕ್ಕೆ ವೈರಸ್ ಹೋಗಿಯೇ ಹೋಗುತ್ತದೆ, ಚಿಕಿತ್ಸೆ ಮುಗಿದು 12 ವಾರವಾದ ಮೇಲೂ ರಕ್ತದಲ್ಲಿ ಕಾಣದಿದ್ದರೆ ಗುಣವಾಯಿತೆಂದೇ ಲೆಕ್ಕ. ಬಿ ವೈರಸ್ ಕೂಡ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು, ಇದ್ದರೆ ಸಿ ಹೋಗುವ ಹೊತ್ತಿಗೆ ಅದು ತಲೆಯೆತ್ತಬಹುದು. ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರೆಂದು ಡಾಕ್ಟರಿಗೆ ಹೇಳಬೇಕು. ಇಷ್ಟೇ. ಫ್ಲಾಸ್ಕು ಬೇಡ, ಐಸು ಬೇಡ, ಮೂರು ಕಂಬಳಿ ಬೇಡ.

ಶುರುವಿನಲ್ಲಿ ಅಮೆರಿಕದಲ್ಲಿ ಅದರ ಒಂದು ಮಾತ್ರೆಗೆ 1000 ಡಾಲರ್, 84 ಮಾತ್ರೆಗೆ 84,000. ಅದೇ ಹೊತ್ತಿಗೆ ಆಂಡ್ರ್ಯೂ ಹಿಲ್ ಎಂಬ ಸಂಶೋಧಕರು ಮತ್ತು ಜೊತೆಗಾರರು ಲೆಕ್ಕ ಹಾಕಿ, 12 ವಾರದ ಮಾತ್ರೆ ತಯಾರಿಸಲು ತಗಲುವ ಖರ್ಚು 68ರಿಂದ 136 ಡಾಲರ್ ಎಂದು ತೋರಿಸಿದ್ದರು. ಆ ಎರಡು ಅಂಕಿಗಳ ನಡುವಿನ ಕಂದಕದಲ್ಲಿ ಎಷ್ಟು ಜನ ಬಿದ್ದರೆಂದು ಬರೆಯಹೊರಟರೆ ಅದೇ ಬೇರೆ ಲೇಖನವಾದೀತು. ನಾನು ಹೇಳಬೇಕಾದದ್ದು ಇನ್ನೂ ಹತ್ತಿರದ್ದು. 2014ರ ಸೆಪ್ಟೆಂಬರಿನಲ್ಲಿ ಗಿಲಿಯಡ್ ಕಂಪನಿ ಭಾರತದ ಏಳು ಔಷಧಿ ಕಂಪನಿಗಳಿಗೆ ಈ ಮಾತ್ರೆ ತಯಾರಿಸಲು ಪರವಾನಗಿ ಕೊಟ್ಟಿತು. ಆ ಏಳರಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಇತ್ತು. ಮರುವರ್ಷ ನಮ್ಮ ಅಂಗಡಿಗಳಿಗೆ ಮಾತ್ರೆ ಬಂತು. ಯಾವ ಊರಿನಿಂದ ನಾನು ಫ್ಲಾಸ್ಕು ಹೊತ್ತು ರೈಲು ಹತ್ತುತ್ತಿದ್ದೆನೋ ಅದೇ ಊರು.

ಸುದ್ದಿಯನ್ನು ನಾನು ಓದಿದೆ. ಒಳಪುಟದಲ್ಲಿತ್ತು, ಕಾಫಿ ಕುಡಿಯುತ್ತ ಓದಿದೆ, ಚಿಕ್ಕಮ್ಮನಿಗೆ ಹೇಳಬೇಕು ಅಂದುಕೊಂಡೆ, ಪತ್ರಿಕೆ ಮಡಚಿಟ್ಟೆ. ಆಮೇಲೆ ಯುಗಾದಿಗೆ ಹೋದಾಗ ಹೇಳೋಣ ಎಂದಾಯಿತು. ಯುಗಾದಿಯಲ್ಲಿ ಮನೆ ತುಂಬ ಜನ, ಹಬ್ಬದ ದಿನ ಆ ಮಾತು ಯಾಕೆ ಎಂದಾಯಿತು. ಸೂಜಿ, ಔಷಧಿ ಎಂಬ ಶಬ್ದ ಕೇಳಿದರೆ ಅವಳ ಮುಖ ಬಾಡುತ್ತದೆ, ಚಿಕ್ಕಪ್ಪನಿಗೆ ಮಾರಿದ ಜಮೀನು ನೆನಪಾಗುತ್ತದೆ, ಆರಾಮಾಗಿಯೇ ಓಡಾಡಿಕೊಂಡಿದ್ದಾಳಲ್ಲ ಎಂದಾಯಿತು. ನಮ್ಮ ಮನೆಗಳಲ್ಲಿ ಮೌನಕ್ಕೆ ಎಷ್ಟು ಒಳ್ಳೊಳ್ಳೆಯ ಹೆಸರುಗಳಿವೆ! ಒಮ್ಮೆ ಅದು ಮರ್ಯಾದೆ, ಒಮ್ಮೆ ಸಂಕೋಚ, ಒಮ್ಮೆ ಅವರ ಮನಸ್ಸು ನೋಯಿಸಬಾರದೆಂಬ ಅಕ್ಕರೆ. 2017ರ ಕಾರ್ತಿಕದಲ್ಲಿ ಒಂದು ನಸುಕಿನಲ್ಲಿ ಅವಳು ಬಚ್ಚಲಲ್ಲಿ ರಕ್ತ ಕಾರಿಕೊಂಡು ಬಿದ್ದಳು. ಗಟ್ಟಿಯಾದ ಲಿವರು ದಾರಿ ಬಿಡದೆ ಅನ್ನನಾಳದಲ್ಲಿ ಉಬ್ಬಿಕೊಂಡ ರಕ್ತನಾಳ ಒಡೆದಿತ್ತು. ಆಸ್ಪತ್ರೆಯ ದಾರಿಯಲ್ಲೇ ಮುಗಿಯಿತು. ನನಗೆ ಗೊತ್ತಿತ್ತು. ಮೂರು ವರ್ಷದಿಂದ ಗೊತ್ತಿತ್ತು. ಮೆತ್ತಗಿನ ಔಷಧಿ ಬಂದಿದೆ ಚಿಕ್ಕಮ್ಮ, ಎನ್ನುವ ನಾಲ್ಕು ಪದಗಳನ್ನು ನಾನು ಹೇಳಲಿಲ್ಲ.

ಇಷ್ಟು ಹೇಳಿದ್ದು ಎದೆ ಬಡಿದುಕೊಳ್ಳುವುದಕ್ಕಲ್ಲ. ನಿಮ್ಮ ಬಂಧುಬಳಗದಲ್ಲಿ, ನಿಮ್ಮ ಬೀದಿಯಲ್ಲಿ, ನಿಮ್ಮ ಕೆಲಸದ ಜಾಗದಲ್ಲಿ ಇಂಥ ಒಬ್ಬರು ಇರುವ ಸಂಭವ ನೀವು ಎಣಿಸಿದ್ದಕ್ಕಿಂತ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2022ರಲ್ಲಿ ಜಗತ್ತಿನಲ್ಲಿ 5 ಕೋಟಿ ಜನರಲ್ಲಿ ಈ ವೈರಸ್ ಇತ್ತು, ಅದರಲ್ಲಿ 55 ಲಕ್ಷ ಜನ ನಮ್ಮ ದೇಶದವರು. ಜಗತ್ತಿನ ಆ ನೂರು ರೋಗಿಗಳಲ್ಲಿ ತಮಗೆ ರೋಗ ಇದೆಯೆಂದು ಗೊತ್ತಾದವರು 36 ಜನ, ಮಾತ್ರೆ ಸಿಕ್ಕವರು 20. ಆ ಒಂದೇ ವರ್ಷದಲ್ಲಿ ಸಿ ವೈರಸ್ಸಿನಿಂದ ಸತ್ತವರು ಎರಡು ಲಕ್ಷ ನಲವತ್ತು ಸಾವಿರಕ್ಕೂ ಮಿಕ್ಕಿ. ಮದ್ದಿಲ್ಲದ ರೋಗಕ್ಕೆ ಹೀಗಾಗಿದ್ದರೆ ವಿಧಿ ಎನ್ನಬಹುದಿತ್ತು. ಮೂರು ತಿಂಗಳ ಮಾತ್ರೆಯಲ್ಲಿ ಹೋಗುವ ರೋಗಕ್ಕೆ ಏನೆನ್ನುತ್ತೀರಿ?

ಈಜಿಪ್ಟಿನ ಕತೆ ಕೇಳಿ. ನೈಲ್ ನದಿಯ ಕಾಲುವೆಗಳಲ್ಲಿ ಕಾಲಿಟ್ಟ ರೈತರಿಗೆ ಅಂಟುವ ಶಿಸ್ಟೊಸೋಮಿಯಾಸಿಸ್ ಎಂಬ ಹುಳುರೋಗವನ್ನು ಹೊಡೆದೋಡಿಸಲು 1950ರ ದಶಕದಿಂದ 80ರ ದಶಕದವರೆಗೂ ಅಲ್ಲಿನ ಸರ್ಕಾರ ಊರೂರಿಗೆ ಹೋಗಿ ಸೂಜಿಮದ್ದು ಕೊಟ್ಟಿತು. ಗಾಜಿನ ಸಿರಿಂಜು, ಸಾಲಾಗಿ ನಿಂತ ಜನ, ಸರಿಯಾಗಿ ಕುದಿಸುವಷ್ಟು ಪುರಸೊತ್ತಿಲ್ಲ. ಒಳ್ಳೆಯದನ್ನೇ ಮಾಡಹೊರಟ ಕೈಗಳು ಒಬ್ಬರ ರಕ್ತದ ವೈರಸ್ಸನ್ನು ಮುಂದಿನವರಿಗೆ ಚುಚ್ಚುತ್ತ ಹೋದವು, ಜಗತ್ತಿನಲ್ಲೇ ಅತಿ ಹೆಚ್ಚು ಹೆಪಟೈಟಿಸ್ ಸಿ ಇರುವ ನಾಡು ಎಂಬ ಹೆಸರು ಈಜಿಪ್ಟಿಗೆ ಅಂಟಿತು. ಅದೇ ನಾಡು 2018ರ ಅಕ್ಟೋಬರಿನಿಂದ ಏಳು ತಿಂಗಳಲ್ಲಿ ಸುಮಾರು 5 ಕೋಟಿ ಜನರ ಬೆರಳು ಚುಚ್ಚಿ ಪರೀಕ್ಷೆ ಮಾಡಿತು. ಅಲ್ಲಿ ಮಾತ್ರೆ ನುಂಗಿದವರು 40 ಲಕ್ಷಕ್ಕೂ ಹೆಚ್ಚು. ರೋಗ ತೊಲಗಿಸುವ ಹಾದಿಯಲ್ಲಿ ಚಿನ್ನದ ದರ್ಜೆ ಮುಟ್ಟಿದ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಅಕ್ಟೋಬರಿನಲ್ಲಿ ಹೇಳಿದ್ದು ಈಜಿಪ್ಟನ್ನೇ. ತನ್ನ ತಪ್ಪನ್ನು ಹೊಸಿಲ ಹೊರಗಿಟ್ಟು ಮರೆಯದೆ, ಒಳಗೆ ತಂದು ಕೂರಿಸಿಕೊಂಡು ಸರಿಮಾಡಿದ ನಾಡು ಅದು.

ನಮ್ಮಲ್ಲೂ ಕೆಲಸ ಆಗಿಲ್ಲವೆಂದಲ್ಲ. ಪಂಜಾಬ್ 2016ರಲ್ಲೇ ಜಿಲ್ಲಾಸ್ಪತ್ರೆಗಳಲ್ಲಿ ಮಾತ್ರೆಯನ್ನು ಪುಕ್ಕಟೆ ಕೊಡತೊಡಗಿತು. 2018ರ ಜುಲೈ 28ರಂದು ಕೇಂದ್ರ ಸರ್ಕಾರ ವೈರಲ್ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಪರೀಕ್ಷೆ ಪುಕ್ಕಟೆ, ಮಾತ್ರೆ ಪುಕ್ಕಟೆ. ಚಿಕ್ಕಮ್ಮ ಸತ್ತು ಎಂಟು ತಿಂಗಳಾಗಿತ್ತು. ಮಾತ್ರೆ ಈಗ ಕಪಾಟಿನಲ್ಲಿದೆ. ಕಪಾಟಿಗೂ ಹಿತ್ತಿಲ ಬಾಗಿಲಲ್ಲಿ ನಿಂತ ಆ ಹೆಂಗಸಿಗೂ ನಡುವೆ ಇರುವುದು ನಾನು, ನೀವು, ಮತ್ತು ನಮ್ಮ ಸುಮ್ಮನಿರುವಿಕೆ.

ಯಾರ ಪರವಾಗಿ ಕೇಳುತ್ತಿದ್ದೇನೆ ಎಂದರೆ, ಕೇಳಲು ಬಾರದವರ ಪರವಾಗಿ. ವಾರಕ್ಕೆ ಎರಡು ಸಲ ಮೂರು ಸಲ ಬಸ್ಸು ಹತ್ತಿ ಡಯಾಲಿಸಿಸ್ಸಿಗೆ ಬಂದು, ರಕ್ತವನ್ನೆಲ್ಲ ಹೊರಗೆ ಕಳಿಸಿ ಒಳಗೆ ಕರೆದುಕೊಳ್ಳುವಾಗ ಸಿ ವೈರಸ್ಸನ್ನೂ ಹೊತ್ತು ಮನೆಗೆ ಹೋಗುವವರು. ಕಿಡ್ನಿ ಹೋದವರಿಗೂ ಈ ಮಾತ್ರೆ ಕೊಡಬಹುದು ಎಂದು ಈಗ ಸ್ಪಷ್ಟವಾಗಿದೆ, ಆದರೆ "ಇರೋ ಕಾಯಿಲೆನೇ ಸಾಕಾಗಿದೆ, ಇನ್ನೊಂದು ಯಾಕೆ ಸಾರ್" ಎಂದು ಅವರೇ ತಲೆತಗ್ಗಿಸುತ್ತಾರೆ. ಹುಟ್ಟಿದಾಗಿನಿಂದ ಪರರ ರಕ್ತದಲ್ಲಿ ಬದುಕುವ ಮಕ್ಕಳು. ಜೈಲಿನೊಳಗಿನವರು. ಒಂದೇ ಸೂಜಿಯನ್ನು ನಾಲ್ವರು ಹಂಚಿಕೊಂಡು ನಶೆಯೇರಿಸಿಕೊಳ್ಳುವ ಹುಡುಗರು. ಮಾಡಿದ್ದುಣ್ಣೋ ಮಹರಾಯ ಎಂದು ನಾವು ಬಾಗಿಲು ಹಾಕಿಕೊಳ್ಳುವುದು ಅವರಿಗೇ ಮೊದಲು, ಅವರ ತಾಯಂದಿರು ಆ ಬಾಗಿಲಾಚೆಯೇ ಕೂತಿರುತ್ತಾರೆ. ಜ್ವರಕ್ಕೆ ಸೂಜಿ ಹಾಕದ ಡಾಕ್ಟರು ಡಾಕ್ಟರೇ ಅಲ್ಲ ಎಂದು ನಂಬಿ, ಸಂತೆಯ ದಿನ ಕೈಗೆ ಸಿಕ್ಕವರಿಂದ ಚುಚ್ಚಿಸಿಕೊಂಡು, ಸೂಜಿ ಹೊಸದೋ ಹಳೆಯದೋ ಕೇಳುವ ಧೈರ್ಯವಿಲ್ಲದ ಕೂಲಿಯವರು. ನೀವು ಓದಿದವರು, ನಿಮಗೆ ಕೇಳುವ ಬಾಯಿದೆ. ಅವರ ಜೊತೆ ಹೋದ ದಿನ, ಹೊಸ ಸೂಜಿಯ ಪೊಟ್ಟಣ ಕಣ್ಣೆದುರೇ ಹರಿಯಿರಿ ಎಂದು ಒಂದು ಮಾತು ಕೇಳಿ.

ಪೌರಕಾರ್ಮಿಕರನ್ನಂತೂ ನಾವು ದಿನಾ ಬೆಳಗ್ಗೆ ನೋಡುತ್ತೇವೆ. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ದಿನಕ್ಕೆ ಎರಡು ಇನ್ಸುಲಿನ್ ಸೂಜಿ. ಅದು ಎಲ್ಲಿ ಬೀಳುತ್ತದೆ? ಟೊಮೆಟೊ ಸಿಪ್ಪೆಯ ಜೊತೆ, ನಿನ್ನೆಯ ಅನ್ನದ ಜೊತೆ, ಕಪ್ಪು ಕವರಿನಲ್ಲಿ ಗಂಟು ಹಾಕಿಸಿಕೊಂಡು. ಆ ಗಂಟನ್ನು ಬಿಚ್ಚುವ ಕೈ ಒಂದಿದೆ. ಹಸಿ ಕಸ ಒಣ ಕಸ ಬೇರೆ ಮಾಡುತ್ತ, ಗ್ಲೌಸು ಹರಿದಿದ್ದರೂ ಗಾಡಿ ನಿಲ್ಲದ ಕಾರಣಕ್ಕೆ ಬರಿಗೈ ಹಾಕುವ ಕೈ. ಚುಚ್ಚಿದರೆ ಸೀರೆಯ ಸೆರಗಿಗೆ ಒರೆಸಿಕೊಂಡು ಮುಂದಿನ ಮನೆಗೆ ಸೀಟಿ ಊದುವ ಕೈ. ಗಟ್ಟಿ ಮುಚ್ಚಳದ ಒಂದು ಹಳೆಯ ಪ್ಲಾಸ್ಟಿಕ್ ಡಬ್ಬಿ ಅಡುಗೆಮನೆಯಲ್ಲಿ ಇಲ್ಲದ ಮನೆಯುಂಟೇ? ಸೂಜಿಗಳನ್ನು ಅದರಲ್ಲಿ ಹಾಕಿ, ತುಂಬಿದ ಮೇಲೆ ಬಿಗಿಯಾಗಿ ಮುಚ್ಚಿ, ಇದು ಸೂಜಿ ಎಂದು ಮೇಲೆ ಬರೆದು, ಕೈಗೆ ಕೊಡುವಾಗ ಬಾಯಿಬಿಟ್ಟು ಹೇಳಿ. ನಮಗೆ ಗೊತ್ತಿತ್ತು. ಗೊತ್ತಿದ್ದೂ ಗಂಟು ಹಾಕಿ ಎಸೆದೆವು.

ಇನ್ನೊಂದು ಅನ್ಯಾಯವಿದೆ, ಗುಣವಾದವರ ಮೇಲೆ ನಡೆಯುವಂಥದ್ದು. ವೈರಸ್ ಸಂಪೂರ್ಣ ಹೋದಮೇಲೂ ಅದರ ವಿರುದ್ಧ ದೇಹ ಕಟ್ಟಿಕೊಂಡ ಪ್ರತಿಕಾಯ ರಕ್ತದಲ್ಲಿ ಉಳಿದಿರುತ್ತದೆ, ಬೆರಳು ಚುಚ್ಚುವ ಮೊದಲ ಪರೀಕ್ಷೆಯಲ್ಲಿ ಬದುಕಿರುವವರೆಗೂ 'ಪಾಸಿಟಿವ್' ಎಂದೇ ಬರಬಹುದು. ವೈರಸ್ ಈಗ ಇದೆಯೋ ಇಲ್ಲವೋ ಹೇಳುವುದು ಇನ್ನೊಂದು ಪರೀಕ್ಷೆ, ಆರ್‌ಎನ್‌ಎ ಪರೀಕ್ಷೆ. ಇದು ತಿಳಿದವರು ಕೂಡ ಮೊದಲ ಚೀಟಿಯನ್ನೇ ನೋಡಿ ಕೆಲಸ ಇಲ್ಲ ಅನ್ನುತ್ತಾರೆ, ಆಪರೇಷನ್ ಮುಂದಕ್ಕೆ ಹಾಕುತ್ತಾರೆ, ಸಂಬಂಧ ಮುರಿಯುತ್ತಾರೆ. ಎಚ್‌ಐವಿ ಇರುವವರಿಗೆ ತಾರತಮ್ಯದ ವಿರುದ್ಧ 2017ರ ಕಾನೂನಿನ ರಕ್ಷಣೆಯಾದರೂ ಇದೆ. ಇವರಿಗೆ ಇರುವುದು ಚೀಟಿ ಹಿಡಿದವರ ಮನಸ್ಸಾಕ್ಷಿ ಒಂದೇ. ನೀವು ಆ ಚೀಟಿ ಹಿಡಿಯುವ ಕುರ್ಚಿಯಲ್ಲಿ ಕೂತವರಾದರೆ, ದಯವಿಟ್ಟು ಎರಡನೆಯ ಪರೀಕ್ಷೆ ಕೇಳಿ. ಮೊಳೆ ಹಿಡಿದು ಗೀರು ಎಳೆಯುವ ಮುಂಚೆ ಕೇಳಿ.

ಮೆತ್ತಗಿನ ಔಷಧಿಯೂ ಎಲ್ಲರನ್ನೂ ಮುಟ್ಟಿಲ್ಲ. ಗರ್ಭಿಣಿಯರಿಗೆ ಈ ಮಾತ್ರೆಗಳನ್ನು ವಾಡಿಕೆಯಾಗಿ ಕೊಡುವುದಿಲ್ಲ. ಚಿಕ್ಕ ಪ್ರಯೋಗಗಳು ನಡೆದಿವೆ, ಭರವಸೆ ಮೂಡಿಸಿವೆ, ಆದರೂ ಬಸುರಿಯಲ್ಲಿ ವೈರಸ್ ಕಂಡರೆ ಸಾಮಾನ್ಯವಾಗಿ ಹೆರಿಗೆಯಾಗಲಿ ಎಂದು ಕಾಯುತ್ತಾರೆ. ಅಂಥ ತಾಯಂದಿರ ನೂರು ಮಕ್ಕಳಲ್ಲಿ ಐದಾರಕ್ಕೆ ವೈರಸ್ ದಾಟುತ್ತದೆ. ದಾಟಿದ ಕೂಸು ಮಾತ್ರೆಗಾಗಿ ಮೂರು ವರ್ಷ ತುಂಬುವವರೆಗೆ ಕಾಯಬೇಕು. ಸಿ ವೈರಸ್ಸಿಗೆ ಲಸಿಕೆ ಇನ್ನೂ ಇಲ್ಲ. "ಬರಲ್ವಾ ಡಾಕ್ಟ್ರೇ" ಎಂದು ಕೇಳುವ ದನಿ ಇನ್ನೂ ಇದೆ, ಅದು ಈಗ ಇನ್ನಷ್ಟು ಎಳೆಯದಾಗಿದೆ. ಆ ಔಷಧಿಯೂ ಬಂದೇ ಬರುತ್ತದೆ ಎಂದು ನಾನು ನಂಬಿದ್ದೇನೆ. ಬಂದ ಬೆಳಗ್ಗೆ ಕಾಫಿ ಕುಡಿಯುತ್ತ ಓದಿ, ಪತ್ರಿಕೆ ಮಡಚಿಡುವವರು ಎಷ್ಟು ಜನ ಎಂಬುದೊಂದೇ ನನ್ನ ಭಯ.

ಹೋದ ವರ್ಷ ನಮ್ಮ ಬೀದಿಯ ಕಸದ ಗಾಡಿಯ ಹೆಣ್ಣುಮಗಳು ಗೇಟಿನ ಹತ್ತಿರ ನಿಂತು, ಎಲೆಅಡಿಕೆಯ ಚೀಲದಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು, "ಅಣ್ಣ, ಇದರಲ್ಲಿ ಏನು ಬರದವ್ರೆ ನೋಡಿ" ಎಂದಳು. ಆರೋಗ್ಯ ತಪಾಸಣೆಯ ಕ್ಯಾಂಪಿನಲ್ಲಿ ಕೊಟ್ಟದ್ದು. ಚೀಟಿ ಕೊಟ್ಟು ಎರಡು ತಿಂಗಳಾಗಿತ್ತು. ನಾನು ಓದಿದೆ. ಈ ಸಲ ಮಡಚಲಿಲ್ಲ. ಮರುದಿನ ಗಾಡಿ ಮುಗಿಸಿ ಬಂದವಳ ಜೊತೆ ಜಿಲ್ಲಾಸ್ಪತ್ರೆಗೆ ಹೋದೆ, ರಕ್ತ ಕೊಟ್ಟು ಬಂದೆವು, ಎರಡನೆಯ ಪರೀಕ್ಷೆಯ ಫಲಿತಾಂಶಕ್ಕೆ ಮತ್ತೆ ಹೋದೆವು, ಬಿ ಇಲ್ಲವೆಂದು ಖಾತ್ರಿಯಾಗಲು ಇನ್ನೊಮ್ಮೆ. ನಾಲ್ಕನೆಯ ಸಲ ಔಷಧಿ ಕೊಡುವ ಕಿಟಕಿಯ ಮುಂದೆ ನಮ್ಮ ಸರದಿ ಬಂತು. 28 ಮಾತ್ರೆಯ ಡಬ್ಬಿ, ಒಂದು ತಿಂಗಳಿಗೆ. ಫಾರ್ಮಸಿಸ್ಟ್ ನಡುವಯಸ್ಸಿನ ಹೆಂಗಸು, ಕನ್ನಡಕವನ್ನು ಹಣೆಗೇರಿಸಿಕೊಂಡು ಡಬ್ಬಿಯ ಮೇಲೆ ಪೆನ್ನಿನಿಂದ ಒಂದು ಸೂರ್ಯನ ಚಿತ್ರ ಬರೆದರು. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ, ಒಂದು ದಿನವೂ ಬಿಡಬಾರದು, ಮುಗಿಯುವ ನಾಲ್ಕು ದಿನ ಮೊದಲೇ ಬನ್ನಿ ಎಂದರು. ಆಕೆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹಿಂದೆ ನಿಂತವರಿಗೆ ಕೇಳಿಸದ ಹಾಗೆ ಕಿಟಕಿಗೆ ಬಾಗಿ ಕೇಳಿದಳು.

"ಮನೇಲಿ ಲೋಟ ತಟ್ಟೆ ಬೇರೆ ಇಟ್ಕೋಬೇಕಾ ಅಕ್ಕ?"

ಫಾರ್ಮಸಿಸ್ಟ್ ರಿಜಿಸ್ಟರಿನಿಂದ ತಲೆಯೆತ್ತಲಿಲ್ಲ. "ಯಾಕಮ್ಮ, ಮನೇಲಿ ಪಾತ್ರೆ ಜಾಸ್ತಿ ಇದಾವಾ?"